ಕಲ್ಲುಹೂವೂ ಆಮ್ಲವೃಷ್ಟಿಯೂ

ಅಮರಕೋಶದಲ್ಲಿ ಶೈಲೇಯಕ್ಕೆ ಅಶ್ಮಪುಷ್ಪವೆಂಬ ಪರ್ಯಾಯನಾಮವುಂಟು. ನಮ್ಮ ಧಾರವಾಡ ಸೀಮೆಯ ಅಂಗಡಿಗಳಲ್ಲಿ ಮಸಾಲೆಯ ಸಾಮಗ್ರಿಯೊಡನೆ ದೊರೆಯುವ ಕಲ್ಲುಹೂವು ಇದೇ ವರ್ಗದ್ದು. ಹೆಸರಿನಲ್ಲಿ ಕಲ್ಲಿದ್ದರೂ ಇದು ಮರದ ತೊಗಟೆಯ ಮೇಲೆಯೂ ಬೆಳೆಯುವದು. ಹೂವಂತೂ ಅಲ್ಲವೇ ಅಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ನಡೆಸುವ ಸಂಸಾರವಿದೆಂದು ಶ್ವೆಂಡೆನರ್ ಎಂಬ ಸ್ವಿಸ್ ಪಂಡಿತನು 1867ರಲ್ಲಿ ಪ್ರತಿಪಾದಿಸಿದನು.

ಈ ವರ್ಗದಲ್ಲಿ ಒಂದು ಭೇದವನ್ನು ಅವಶ್ಯವಾಗಿ ಗಮನಿಸತಕ್ಕುದು. ಮಸಾಲೆಯ ಕಲ್ಲುಹೂವಿನೊಳಗಿರುವದು ಹಸುರು ಪಾಚಿ. ಅದು ಸಾರಜನಕವನ್ನು ಬಂಧಿಸಲಾರದು. ಲೆಪ್ಟೋಜಿಯಂ, ಕೊಲ್ಲೆಮ ಮೊದಲಾದವುಗಳಲ್ಲಿ ಪಾಚಿಯ ಸ್ಥಾನದಲ್ಲಿ ನಾಸ್ಟಾಕ್ ಎಂಬ ನೀಲಹರಿತ ಜೀವಾಣು ವಾಸಿಸುವದು. ಕಲಘಟಗಿಯಿಂದ ಯಲ್ಲಾಪುರದ ದಾರಿ ಹಿಡಿದರೆ ಎದುರಾಗುವ ಸಹ್ಯಾದ್ರಿ ಇಂಥವುಗಳ ನೆಲೆ. ಒಣಗಿದಾಗ ಕಪ್ಪು ಕಾಗದದಂತಿದ್ದು, ನೆನೆದಾಗ ಲೋಳೆಯಾಗುವ ಇವನ್ನು ಕೊಳ್ಳುವವರಿಲ್ಲ, ನೋಡುವವರೂ ವಿರಳ. ಆದರೂ ಗಾಳಿಯಲ್ಲಿ ನೂರಕ್ಕೆ 78 ಪಾಲಿರುವ ಸಾರಜನಕವನ್ನು ಹಿಡಿದು, ತೊಳೆದುಬೀಳುವ ನೀರಿನ ಮೂಲಕವೂ ತಾವು ಕೊಳೆಯುವದರ ಮೂಲಕವೂ ಕಾಡಿನ ಮಣ್ಣಿಗೆ ಕೊಡತಕ್ಕವು ಇವೇ. ಲಾವಾಸಿಯೇ ಈ ವಾಯುವನ್ನು ‘ನಿರ್ಜೀವ’ವೆಂಬರ್ಥದ ಆಜೋಟ್ ಎಂದು ಕರೆದನು, ಕನ್ನಡದ ‘ಸಾರಜನಕ’ವು ಪ್ರಕೃತ ವಿಷಯಕ್ಕೆ ಹೆಚ್ಚು ಒಪ್ಪುವದೆಂದು ನನ್ನ ಮತ.

ಇನ್ನು ಆಮ್ಲವೃಷ್ಟಿಯ ವಿಚಾರ. ಕಲ್ಲಿದ್ದಲು ಉರಿದಾಗ ಹೊರಡುವ ಗಂಧಕದ ಧೂಮವು ನೀರಿನಲ್ಲಿ ಕರಗಿ ಆಮ್ಲವಾಗುವದು. ಶುದ್ಧವಾದ ಮಳೆನೀರಿನ ಪಿ.ಎಚ್. ಸುಮಾರು 5.6, ಇದು ಒಂದಂಶ ಇಳಿದರೆ ಆಮ್ಲತೆ ಹತ್ತುಪಟ್ಟು ಏರಿದಂತೆ. ಶೈಲೇಯಗಳಿಗೆ ಬೇರಿಲ್ಲ, ಎಲೆಗಿರುವಂಥ ಮೇಣದ ಕವಚವಿಲ್ಲ. ಬಿದ್ದ ನೀರನ್ನು ಮೈಯೆಲ್ಲದರಿಂದಲೂ ಹೀರುವವು. ಬೇಸಿಗೆಯಲ್ಲಿ ಒಣಗಿ ನಿದ್ರಿಸಿದ್ದು ಮಳೆ ತಾಕಿದೊಡನೆ ಎಚ್ಚರುವದು. ಆ ಮಳೆಯೇ ಆಮ್ಲವಾದರೆ ಎಚ್ಚತ್ತ ಕ್ಷಣದಲ್ಲಿಯೇ ಪೆಟ್ಟು. ಮೊದಲು ದ್ಯುತಿಸಂಶ್ಲೇಷಣೆ ಕುಗ್ಗುವದು. ಸಾರಜನಕಬಂಧನಕ್ಕೆ ಬೇಕಾದ ಅಪಾರ ಶಕ್ತಿ ಅಲ್ಲಿಂದಲೇ ಬರತಕ್ಕದ್ದಾದ್ದರಿಂದ ನೈಟ್ರೊಜನೇಸ್ ಎಂಬ ಕಿಣ್ವದ ಕೆಲಸವೂ ಸೊರಗುವದು. ತೊಗಟೆಯೂ ಕ್ರಮೇಣ ಹುಳಿಯಾಗಿ ನೆಲೆ ತಪ್ಪುವದು. ಬ್ರಿಟನ್ನಿನಲ್ಲಿ ಲೋಬೇರಿಯವು ಬಹು ಪ್ರದೇಶಗಳಿಂದ ಕಣ್ಮರೆಯಾದುದಕ್ಕೆ ಇದೂ ಒಂದು ಕಾರಣ.

ಕಲಘಟಗಿಯು ಬಯಲುಸೀಮೆ ಮಲೆನಾಡುಗಳ ಗಡಿಯಲ್ಲಿರುವದು. ನವಲಗುಂದದ ಕಡೆಯ ಎರೆಭೂಮಿಯ ಧೂಳಿನಲ್ಲಿ ಸುಣ್ಣಾಂಶವುಂಟು. ನಮ್ಮ ದೇಶದ ಬಹುಭಾಗದಲ್ಲಿ ಇಂಥ ಧೂಳೇ ಮಳೆಯ ಹುಳಿಯನ್ನು ಮುರಿಯುತ್ತ ಬಂದಿದೆ. ಆದರೆ ಮಳೆಗಾಲ ಬಲಿತಮೇಲೆ ಧೂಳು ಅಡಗುವದು, ಸಾರಜನಕಬಂಧಕಗಳು ಪೂರ್ಣವಾಗಿ ಎಚ್ಚತ್ತಿರುವದೂ ಆಗಲೇ.

ಹಸುರು ಪಾಚಿಯವುಗಳಿಗಿಂತ ನೀಲಹರಿತದವು ಸಾಮಾನ್ಯವಾಗಿ ಮೊದಲು ಅಳಿಯುವವು. ಸಂತೆಯಲ್ಲಿ ಕಲ್ಲುಹೂವು ಯಥೇಚ್ಛವಾಗಿರುವಾಗಲೇ ಕಾಡಿನ ಸಾರದಾತರು ಇಲ್ಲವಾಗಿರಬಹುದು. ಆದುದರಿಂದ ಪಾಠ ಹೇಳುವಾಗ ‘ಶೈಲೇಯ’ವೆಂಬ ಒಂದೇ ಶಬ್ದದಲ್ಲಿ ಎರಡನ್ನೂ ಅಡಗಿಸದೆ, ಸಾರಜನಕವನ್ನು ಬಂಧಿಸುವವುಗಳನ್ನು ‘ನೀಲಶೈಲೇಯ’ವೆಂದು ಪ್ರತ್ಯೇಕಿಸುವದು ಯುಕ್ತವೆಂದು ತೋರುವದು.