ಸೋಂಕಿತರೆಷ್ಟು, ಪತ್ತೆಯಾದವರೆಷ್ಟು? ಕೊರೋನಾ ಲೆಕ್ಕದ ಒಳಹೊರಗು

ಕೊರೋನಾ ಕಾಲದಲ್ಲಿ ಪ್ರತಿ ಸಂಜೆ ನಾವೆಲ್ಲರೂ ಕಾದು ನೋಡುತ್ತಿದ್ದುದು ಒಂದೇ ಅಂಕಿಯನ್ನು: ಇಂದು ಜಿಲ್ಲೆಯಲ್ಲಿ ಎಷ್ಟು ಪಾಸಿಟಿವ್? ಅಂಕಿ ಇಳಿದರೆ ನೆಮ್ಮದಿ, ಏರಿದರೆ ಆತಂಕ. ಆದರೆ ಅದು ಸೋಂಕಿತರ ಸಂಖ್ಯೆಯಾಗಿರಲಿಲ್ಲ, ಪರೀಕ್ಷೆಗೆ ಬಂದು ಪತ್ತೆಯಾದವರ ಸಂಖ್ಯೆಯಾಗಿತ್ತು. ಜ್ವರವೇ ಬಾರದವರು, ಬಂದರೂ ಕಷಾಯ ಕುಡಿದು ಮನೆಯಲ್ಲೇ ಮಲಗಿದವರು, ನೆರೆಕರೆಯವರ ಮಾತಿಗೆ ಹೆದರಿ ಪರೀಕ್ಷೆಗೆ ಹೋಗದವರು ಯಾರೂ ಆ ಲೆಕ್ಕದಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿನಲ್ಲೇ ಕೋವಿಡ್‌ನಿಂದ ತೀರಿಹೋದ ಮಹಿಳೆಯೊಬ್ಬರ ಅಂತ್ಯಸಂಸ್ಕಾರಕ್ಕೆ ಅಡ್ಡಿಯಾದುದನ್ನು ಕಂಡವರು ಪರೀಕ್ಷೆಗೆ ಹಿಂಜರಿದಿದ್ದರೆ ಆಶ್ಚರ್ಯವೇನು?

ಹಾಗಾದರೆ ನಿಜವಾದ ಲೆಕ್ಕ ಸಿಗುವುದು ಹೇಗೆ? ಅನ್ನ ಬೆಂದಿದೆಯೇ ಎಂದು ತಿಳಿಯಲು ನಾವು ಪಾತ್ರೆಯ ಎಲ್ಲಾ ಅಗುಳನ್ನೂ ಹಿಸುಕುವುದಿಲ್ಲ, ಸೌಟಿನಿಂದ ಕಲಕಿ ನಾಲ್ಕು ಅಗುಳು ತೆಗೆಯುತ್ತೇವೆ. ಸೆರೋ ಸಮೀಕ್ಷೆಯೂ ಇದೇ ಕೆಲಸ. ರೋಗವಿರಲಿ ಇಲ್ಲದಿರಲಿ, ಆಯ್ದ ಜನರ ರಕ್ತ ಪಡೆದು ಅದರಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡುತ್ತಾರೆ. ಆರ್‌ಟಿಪಿಸಿಆರ್ ಪರೀಕ್ಷೆ ಹೇಳುವುದು ಇಂದಿನ ಸೋಂಕನ್ನು, ಪ್ರತಿಕಾಯ ಹೇಳುವುದು ಹಿಂದೆ ಬಂದು ಹೋದ ಸೋಂಕನ್ನು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) 2020ರ ಮೇ-ಜೂನ್‌ನಲ್ಲಿ 70 ಜಿಲ್ಲೆಗಳ 28,000 ವಯಸ್ಕರ ರಕ್ತ ಪರೀಕ್ಷಿಸಿದಾಗ ಸೋಂಕು ತಗುಲಿದವರು ಶೇ. 0.73 ಮಾತ್ರ. ಇಲ್ಲಿ ಒಂದು ಸೂಕ್ಷ್ಮವಿದೆ. ಬಳಸಿದ ಕಿಟ್ ಸೋಂಕಿಲ್ಲದವರಲ್ಲಿ ಶೇ. 98ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೆ ಸಾವಿರ ಮಂದಿಯಲ್ಲಿ ನಿಜವಾದ ಸೋಂಕಿತರು ಏಳು ಮಂದಿ ಇದ್ದರೆ, ಸೋಂಕೇ ಇಲ್ಲದ ಇಪ್ಪತ್ತು ಮಂದಿಯನ್ನು ಅದು ಸುಮ್ಮನೆ ಸೋಂಕಿತರೆಂದು ತೋರಿಸುತ್ತದೆ! ಆದ್ದರಿಂದ ಪಾಸಿಟಿವ್ ಬಂದ ಮಾದರಿಗಳನ್ನು ಇನ್ನೊಂದು ಕಿಟ್‌ನಲ್ಲಿ ಮತ್ತೆ ಪರೀಕ್ಷಿಸಲಾಯಿತು. ಹೀಗೆ ಸೋಸಿದ ಮೇಲೂ ಮೇ ತಿಂಗಳ ಆರಂಭದ ವೇಳೆಗೆ ದೇಶದಲ್ಲಿ ಸುಮಾರು 64 ಲಕ್ಷ ವಯಸ್ಕರಿಗೆ ಸೋಂಕು ತಗುಲಿರಬೇಕೆಂಬ ಅಂದಾಜು ಹೊರಬಿತ್ತು. ಪತ್ತೆಯಾದ ಒಬ್ಬ ರೋಗಿಯ ಹಿಂದೆ ಪತ್ತೆಯಾಗದವರು ಎಂಬತ್ತಕ್ಕೂ ಮೇಲೆ.

ನಮ್ಮ ರಾಜ್ಯದ ಕಥೆ ಇನ್ನೂ ಸ್ವಾರಸ್ಯಕರ. ಕರ್ನಾಟಕ ಸರಕಾರವು 2020ರ ಸೆಪ್ಟೆಂಬರ್‌ನಲ್ಲಿ ಎಲ್ಲಾ ಜಿಲ್ಲೆಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಶೇ. 27.3 ಮಂದಿಗೆ, ಅಂದರೆ ಸುಮಾರು 1.93 ಕೋಟಿ ಜನರಿಗೆ ಸೋಂಕು ತಗುಲಿತ್ತು. ಅಂದಿಗೆ ಅಧಿಕೃತವಾಗಿ ಪತ್ತೆಯಾದವರು ಐದು ಲಕ್ಷಕ್ಕೂ ಕಡಿಮೆ, ಅಂದರೆ ನಲವತ್ತರಲ್ಲಿ ಒಬ್ಬರು. ಅದೇ ವರ್ಷ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಸಂಶೋಧಕರ ಇನ್ನೊಂದು ತಂಡ ರಾಜ್ಯದ ಮನೆಮನೆಗಳಿಂದ ಮಾದರಿ ಪಡೆದು ನಡೆಸಿದ ಅಧ್ಯಯನವು ಶೇ. 46.7 ಎಂದಿತು. ಹಳ್ಳಿಗಳಲ್ಲೇ ಶೇ. 44.1! ಹಾಗಾದರೆ ಇವರಲ್ಲಿ ಯಾರು ಸುಳ್ಳು ಹೇಳಿದರು? ಯಾರೂ ಅಲ್ಲ. ಸರಕಾರದ ಸಮೀಕ್ಷೆ ಗರ್ಭಿಣಿಯರ ತಪಾಸಣಾ ಕೇಂದ್ರ, ಆಸ್ಪತ್ರೆಯ ಹೊರರೋಗಿ ವಿಭಾಗ, ಮಾರುಕಟ್ಟೆ, ಬಸ್ ನಿರ್ವಾಹಕರು ಹೀಗೆ ಗೊತ್ತಾದ ಗುಂಪುಗಳಿಂದ ಮಾದರಿ ತೆಗೆದುಕೊಂಡಿತ್ತು. ಇನ್ನೊಂದು ತಂಡ ಮನೆಗಳನ್ನು ಆಯ್ದುಕೊಂಡಿತ್ತು. ಕಿಟ್ ಕೂಡ ಬೇರೆ. ಪ್ರತಿಕಾಯಗಳು ತಿಂಗಳು ಕಳೆದಂತೆ ಕರಗುವುದೂ ಉಂಟು. ಸಮೀಕ್ಷೆಯ ಅಂಕಿ ಕೇಳಿದಾಗ 'ಎಷ್ಟು' ಎಂಬುದರ ಜೊತೆ 'ಯಾರನ್ನು, ಯಾವಾಗ, ಯಾವುದರಿಂದ' ಎಂದೂ ಕೇಳಬೇಕೆಂದು ನಾವು ಹೇಳುವುದು ಇದಕ್ಕೇ.

ಅಪಾಯ ಯಾರಿಗೆ?

ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಅವನ್ನು ನಮ್ಮಲ್ಲಿ ಅನೇಕರು ಒಂದೇ ಎಂದು ತಿಳಿದುದರಿಂದ ಬಹಳ ಹಾನಿಯಾಯಿತು.

ಸೋಂಕು ತಗಲುವ ಅಪಾಯ ಬೇರೆ, ತಗುಲಿದ ಮೇಲೆ ಪ್ರಾಣಕ್ಕೆ ಕುತ್ತಾಗುವ ಅಪಾಯ ಬೇರೆ. ಮೊದಲನೆಯದು ನಾವು ಎಲ್ಲಿ ವಾಸಿಸುತ್ತೇವೆ, ಯಾವ ಕೆಲಸ ಮಾಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಐಸಿಎಂಆರ್‌ನ ಮೊದಲ ಸಮೀಕ್ಷೆಯಲ್ಲೇ ನಗರದ ಕೊಳೆಗೇರಿಗಳ ವಾಸ, ಸೋಂಕಿತರ ಸಂಪರ್ಕ ತಪ್ಪದ ಉದ್ಯೋಗ ಇವೆರಡೂ ಎದ್ದು ಕಂಡವು. 2020ರ ಡಿಸೆಂಬರ್ ಮತ್ತು 2021ರ ಜನವರಿ ನಡುವಿನ ಮೂರನೇ ಸಮೀಕ್ಷೆಯಲ್ಲಿ ಕೊಳೆಗೇರಿಗಳಲ್ಲಿ ಶೇ. 31.7, ನಗರದ ಉಳಿದ ಭಾಗಗಳಲ್ಲಿ ಶೇ. 26.2, ಗ್ರಾಮಗಳಲ್ಲಿ ಶೇ. 19.1 ಮಂದಿಗೆ ಸೋಂಕು ತಗುಲಿತ್ತು. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಮನೆಗೆ 'ಅಂತರ ಕಾಪಾಡಿ' ಎಂದು ಹೇಳಿದರೆ ಅವರಾದರೂ ಏನು ಮಾಡಿಯಾರು?

ಎರಡನೆಯ ಅಪಾಯ ಪ್ರಾಯದ್ದು, ಮತ್ತು ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆಗಳದ್ದು. ಮನೆಯಿಂದ ಹೊರಗೇ ಬಾರದ ಅಜ್ಜಿಗೆ ಸೋಂಕಿನ ಸಂಭವ ಕಡಿಮೆಯಿದ್ದೀತು, ಆದರೆ ಕೆಲಸಕ್ಕೆ ಹೋಗಿ ಬರುವ ಮೊಮ್ಮಗ ಲಕ್ಷಣವಿಲ್ಲದೆ ತಂದರೆ ಅಪಾಯ ಅವನಿಗಲ್ಲ, ಅವರಿಗೆ. ಲಸಿಕೆಯ ಸರದಿಯಲ್ಲೂ ಈ ಎರಡು ಲೆಕ್ಕ ಕಾಣುತ್ತದೆ: 2021ರ ಜನವರಿ 16ರಿಂದ ಆರೋಗ್ಯ ಕಾರ್ಯಕರ್ತರಿಗೆ, ಮಾರ್ಚ್ 1ರಿಂದ 60 ದಾಟಿದವರಿಗೆ ಮತ್ತು ಬೇರೆ ಕಾಯಿಲೆಗಳಿದ್ದ 45 ದಾಟಿದವರಿಗೆ.

ಮೂರನೇ ಸಮೀಕ್ಷೆಯಲ್ಲಿ ವಯಸ್ಕರ ಒಟ್ಟು ಪ್ರಮಾಣ ಶೇ. 21.4. 'ಇಷ್ಟು ಜನರಿಗೆ ಬಂದು ಹೋಗಿದೆ, ಇನ್ನೇನು ಮುಗಿಯಿತು' ಎಂಬ ಮಾತು ಆಗ ಊರೆಲ್ಲಾ ಇತ್ತು. ಅದೇ ಅಂಕಿಯನ್ನು ತಿರುಗಿಸಿ ಓದಿದ್ದರೆ ಐದರಲ್ಲಿ ನಾಲ್ಕು ಮಂದಿಗೆ ಇನ್ನೂ ರಕ್ಷಣೆಯಿಲ್ಲ ಎಂದು ತಿಳಿಯುತ್ತಿತ್ತು. ಏಪ್ರಿಲ್-ಮೇಯಲ್ಲಿ ಎರಡನೇ ಅಲೆ ಬಂದಾಗ ಹಾಸಿಗೆ, ಆಕ್ಸಿಜನ್‌ಗಾಗಿ ಅಲೆದವರು ಆ ನಾಲ್ವರ ಮನೆಯವರೇ. ಆ ಅಲೆಯ ನಂತರ, 2021ರ ಜೂನ್-ಜುಲೈಯ ನಾಲ್ಕನೇ ಸಮೀಕ್ಷೆಯಲ್ಲಿ ಆರು ವರ್ಷ ದಾಟಿದವರ ಪೈಕಿ ಪ್ರತಿಕಾಯವಿದ್ದವರು ಶೇ. 67.6ಕ್ಕೆ ಏರಿದ್ದರು. ಲಸಿಕೆ ಪಡೆಯದ ವಯಸ್ಕರಲ್ಲೂ ಅದು ಶೇ. 62.3 ಇತ್ತು. ಆಗಲೂ ಸುಮಾರು 40 ಕೋಟಿ ಜನ ಸೋಂಕಿಗೆ ತೆರೆದೇ ಇದ್ದಾರೆಂದು ಐಸಿಎಂಆರ್ ಎಚ್ಚರಿಸಿತ್ತು.