ಕೋಟಿ ಚೆನ್ನಯರ ಕಾಲ ಯಾವುದು?

ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯಲ್ಲಿ ಊರುಗಳಿಗೆ ಕೊರತೆಯಿಲ್ಲ. ದೇಯಿ ಬೈದೆತಿಯ ಮಕ್ಕಳು ಬೆಳೆದದ್ದು ಪುತ್ತೂರು ಸೀಮೆಯ ಪಡುಮಲೆಯಲ್ಲಿ. ಅಲ್ಲಿಯ ಒಡೆಯ ಬಲ್ಲಾಳನೊಡನೆ ಮುರಿದುಕೊಂಡು ಅವರು ಪಂಜಕ್ಕೆ ಬಂದರು, ಅಲ್ಲಿಂದ ಎಣ್ಮೂರಿಗೆ ಹೋಗಿ ದೇವಬಲ್ಲಾಳನ ಆಸರೆ ಪಡೆದರು, ಅಲ್ಲಿಯೇ ಯುದ್ಧದಲ್ಲಿ ಮಡಿದರು. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ನಕ್ಷೆಯ ಮೇಲೆ ಇವರ ದಾರಿಯನ್ನು ಇಂದಿಗೂ ಬೆರಳಿಟ್ಟು ತೋರಿಸಬಹುದು. ಇಷ್ಟು ಖಚಿತವಾಗಿ ಜಾಗ ಹೇಳುವ ಪಾಡ್ದನ, ಅಂದರೆ ತುಳುವಿನ ಕಥನಗೀತೆ, ಇಸವಿಯನ್ನು ಮಾತ್ರ ಹೇಳುವುದಿಲ್ಲ. ಅದು ಹೇಳದ್ದನ್ನು ಬರೆಹಗಾರರು ತುಂಬಿದ್ದಾರೆ: ಅವಳಿ ವೀರರು 1556ರಲ್ಲಿ ಹುಟ್ಟಿ 1591ರಲ್ಲಿ ತೀರಿಕೊಂಡರು ಎಂಬ ಲೆಕ್ಕ ಅಲ್ಲಲ್ಲಿ ಅಚ್ಚಾಗಿ, ಸಿದ್ಧಸತ್ಯದಂತೆ ಓಡಾಡುತ್ತಿದೆ. 16ನೆಯ ಶತಮಾನ ಎಂಬುದು ಒಪ್ಪಬಹುದಾದ ಊಹೆ. ಆದರೆ ಇಸವಿಯ ಮಟ್ಟದ ಆ ಖಚಿತತೆಗೆ ಕಥೆಯೊಳಗೆ ಆಧಾರವಿಲ್ಲ.

ಇಂಥ ಕೆಲಸವನ್ನು ಗ್ರೀಕರು ನಮಗಿಂತ ಬಹಳ ಹಿಂದೆಯೇ ಮಾಡಿದ್ದರು. ಟ್ರಾಯ್ ಪಟ್ಟಣ ಯಾವಾಗ ಬಿತ್ತು ಎಂಬ ಪ್ರಶ್ನೆಗೆ ಕ್ರಿ.ಪೂ. 3ನೆಯ ಶತಮಾನದ ವಿದ್ವಾಂಸ ಎರಟೋಸ್ತನೀಸ್ ಕೊಟ್ಟ ಉತ್ತರ ಕ್ರಿ.ಪೂ. 1184–83. ಮೊದಲ ಒಲಿಂಪಿಕ್ ಕ್ರೀಡೆ ನಡೆಯಿತೆಂದು ಅವರು ನಂಬಿದ್ದ 776ರಿಂದ ಹಿಂದಕ್ಕೆ, ಸ್ಪಾರ್ಟಾದ ಅರಸರ ತಲೆಮಾರುಗಳನ್ನು ಎಣಿಸುತ್ತ ಹೋಗಿ ಆತ ಇಲ್ಲಿಗೆ ತಲುಪಿದನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆ ಅರಸರು ತಮ್ಮನ್ನು ಪುರಾಣವೀರ ಹೆರಾಕ್ಲೀಸನ ವಂಶದವರೆಂದು ಹೇಳಿಕೊಳ್ಳುತ್ತಿದ್ದರಾದ್ದರಿಂದ ಎಣಿಕೆಗೆ ಒಂದು ಸರಪಳಿಯಾದರೂ ಇತ್ತು. ನಮ್ಮ ವೀರರ ವಿಷಯದಲ್ಲಿ ಆ ಸರಪಳಿಯೂ ಇಲ್ಲ. ಇಬ್ಬರೂ ಸಂತಾನವಿಲ್ಲದೆ ಎಳೆಯ ವಯಸ್ಸಿನಲ್ಲೇ ಹೋದವರು. ಅವರಿಂದ ಇಂದಿನವರೆಗೆ ಎಣಿಸಿಕೊಂಡು ಬರಲು ತಲೆಮಾರುಗಳೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎರಟೋಸ್ತನೀಸನ ಲೆಕ್ಕ ಕೊನೆಗೆ ಸರಿಯಾಯಿತಲ್ಲ? ಟ್ರಾಯ್ ಇದ್ದ ಜಾಗವೆನ್ನಲಾದ ಹಿಸಾರ್ಲಿಕ್ ದಿಬ್ಬದ ಉತ್ಖನನದಲ್ಲಿ ಸುಟ್ಟು ನಾಶವಾದ ಪಟ್ಟಣದ ಪದರವೊಂದು ಸುಮಾರು ಕ್ರಿ.ಪೂ. 1180ರದೆಂದು ಗೊತ್ತಾಯಿತಲ್ಲ? ಹೌದು. ಆದರೆ ಡ್ಯೂರಿಸ್ ಎಂಬವನು ಅದೇ ಘಟನೆಗೆ 1334 ಎಂದಿದ್ದ, ಪಾರೋಸ್ ದ್ವೀಪದ ಕಲ್ಬರಹ 1209 ಎಂದಿತ್ತು, ಎಫೋರಸ್ 1135 ಎಂದಿದ್ದ. ಇನ್ನೂರು ವರ್ಷಗಳಷ್ಟು ಚದುರಿದ ಇಷ್ಟು ಊಹೆಗಳಲ್ಲಿ ಒಂದು ಹತ್ತಿರ ಬಿದ್ದರೆ ಅದರಿಂದ ಎಣಿಸಿದ ಕ್ರಮ ಸರಿಯೆಂದಾಗುವುದಿಲ್ಲ. ಸುಟ್ಟ ಗೋಡೆ ಟ್ರಾಯ್ ಕಥೆಯ ವೀರ ಅಕಿಲೀಸನಿಗೆ ಸಾಕ್ಷಿಯೂ ಅಲ್ಲ. ನಮ್ಮಲ್ಲಿ ಭೂತಾಳ ಪಾಂಡ್ಯನದೆನ್ನುವ ಅಳಿಯಸಂತಾನದ ಕಟ್ಟಳೆಯಾದ ಅಳಿಯಕಟ್ಟಿಗೆ ಕ್ರಿ.ಶ. 77 ಎಂಬ ಇಸವಿ ಅಂಟಿಕೊಂಡಿರುವುದೂ ಇಂಥದ್ದೇ ಕಥೆ.

ಹಾಗಾದರೆ ಏನೂ ಹೇಳಲಾಗದೆ? ಹೇಳಬಹುದು, ಎರಡು ಎಲ್ಲೆಗಳನ್ನು ಹಾಕಿಕೊಂಡು. ಈಚಿನ ಎಲ್ಲೆ ನಿಚ್ಚಳ: ಆಗುಸ್ಟ್ ಮ್ಯಾನರ್ ಪಾಡ್ದನಗಳನ್ನು 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮೂಲಕ ಅಚ್ಚು ಹಾಕಿಸಿದ, ಬರ್ನೆಲ್ ಸಂಗ್ರಹಿಸಿದ ಕೋಟಿ ಚೆನ್ನಯ ಪಾಡ್ದನ 1890ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಇಂಗ್ಲಿಷಿಗೆ ಬಂತು. ಆ ಹೊತ್ತಿಗಾಗಲೇ ಈ ವೀರರನ್ನು ಆರಾಧಿಸುವ ಗರಡಿಗಳು ತುಳುನಾಡಿನ ಉದ್ದಗಲಕ್ಕೆ ನೆಲೆಯೂರಿದ್ದವು, ಕಥೆ ಹಳೆಯದಾಗಿತ್ತು. ಈ ಎಲ್ಲೆಯನ್ನು ಇನ್ನೂ ಹಿಂದಕ್ಕೆ ಒಯ್ಯುವುದು ಕಥೆಯೊಳಗಿನ ರಾಜಕೀಯ. ಪಡುಮಲೆ, ಪಂಜ, ಎಣ್ಮೂರು ಮೂರಕ್ಕೂ ಬೇರೆಬೇರೆ ಒಡೆಯರು. ಒಬ್ಬನ ಗಡಿಕಲ್ಲು ಇನ್ನೊಬ್ಬನಿಗೆ ಸಹ್ಯವಿಲ್ಲ. ಬೇಟೆಯ ಹಂದಿ ಯಾರ ನೆಲದಲ್ಲಿ ಬಿತ್ತೆಂಬುದೇ ಯುದ್ಧಕ್ಕೆ ಸಾಕು. ನ್ಯಾಯ ಹೇಳಲು ಮೇಲಿನ ಅರಸನೊಬ್ಬ ಬರುವುದೇ ಇಲ್ಲ. 17ನೆಯ ಶತಮಾನದ ಆರಂಭದಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕ ತುಳುನಾಡಿನ ಅರಸುಮನೆಗಳನ್ನು ತನ್ನ ಅಂಕೆಗೆ ತಂದುಕೊಂಡ. ಮುಂದೆ ಅಮರ ಸುಳ್ಯ ಕೊಡಗಿನ ಅರಸರಿಗೆ, 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಬಲ್ಲಾಳರ ಬೀಡುಗಳು ಹೀಗೆ ತಮ್ಮತಮ್ಮಲ್ಲೇ ಕಾದಾಡುವ ಚಿತ್ರಕ್ಕೆ ಇವೆಲ್ಲಕ್ಕಿಂತ ಮೊದಲಿನ ಕಾಲ ಚೆನ್ನಾಗಿ ಒಪ್ಪುತ್ತದೆ. ಹಿಂದಿನ ಎಲ್ಲೆ ಇಷ್ಟು ಗಟ್ಟಿಯಲ್ಲ. 14ನೆಯ ಶತಮಾನದಲ್ಲಿ ಹೊಯ್ಸಳ ಅರಸ ಮೂರನೆಯ ವೀರಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಬಾರಕೂರಿನಲ್ಲಿ ಆಳಿದ್ದಳು. ಸ್ಥಳೀಯ ಒಡೆಯರಿಗೆ ಬಲ್ಲಾಳ ಎಂಬ ಬಿರುದು ಹೊಯ್ಸಳರ ಪ್ರಭಾವದಿಂದ ಬಂದಿದ್ದರೆ ಕಥೆಯನ್ನು ಅದಕ್ಕಿಂತ ಬಹಳ ಹಿಂದಕ್ಕೆ ಒಯ್ಯಲಾಗದು.

ಪಾಡ್ದನ ಬಾಯಿಂದ ಬಾಯಿಗೆ ಬದಲಾಗುವ ಹಾಡು, ಅದನ್ನು ನಂಬಿ ಇತಿಹಾಸ ಕಟ್ಟುವುದು ಹೇಗೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಗಟ್ಟಿಯಾದದ್ದು. ಯುದ್ಧದಲ್ಲಿ ಬಿಲ್ಲು ಮತ್ತು ಸುರಿಯ ಎಂಬ ಚೂರಿಗಳೇ ಇವೆ, ಆದ್ದರಿಂದ ಕೋವಿ ಬರುವ ಮೊದಲಿನ ಕಥೆ ಎಂದು ನಾನು ವಾದಿಸಲಾರೆ. ಸುರಿಯ ಇಂದಿಗೂ ನೇಮದ ಆರಾಧನೆಯಲ್ಲಿ ಬೈದೆರ್ಲು ಎನಿಸಿದ ಈ ವೀರರ ಕೈಯ ಆಯುಧ; ಹಾಡುವವರು ಅದನ್ನು ಯಾವ ಕಾಲದಲ್ಲೂ ಬಿಡುತ್ತಿರಲಿಲ್ಲ. ದೂರದ ಸಾಮ್ರಾಟನನ್ನು ಹಳ್ಳಿಯ ಹಾಡು ಮರೆತಿರಲೂಬಹುದು, ಆಗ ನನ್ನ ಮೇಲಿನ ವಾದವೂ ಸಡಿಲವಾಗುತ್ತದೆ. ಆದರೆ ಗದ್ದೆಯ ನೀರಿಗಾಗಿ ಪಡುಮಲೆ ಬಲ್ಲಾಳನ ಮಂತ್ರಿ ಬುದ್ಯಂತನೊಡನೆ ನಡೆದ ಜಗಳ, ಗಡಿಕಲ್ಲಿನ ತಕರಾರುಗಳಿಗೆ ಬೇರೆಯೇ ತೂಕವಿದೆ. ದೈವತ್ವವನ್ನು ಮೆರೆಸಲು ಯಾರೂ ಇವನ್ನು ಹೊಸದಾಗಿ ಹೆಣೆಯಬೇಕಾಗಿರಲಿಲ್ಲ.

ಕಾಲ ಕೇಳುವುದು ಭಕ್ತಿಗೆ ಅಪಚಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಪು, ಕುಂಕುಮ, ಗಂಧದೊಡನೆ ಗರಡಿಯಲ್ಲಿ ನಿಲ್ಲುವವರಿಗೆ ಇಸವಿ ಬೇಕಿಲ್ಲ, ನಿಜ. ಆದರೆ ಆಧಾರವಿಲ್ಲದ ಇಸವಿಯೊಂದು ಶಾಲೆಯ ಮಕ್ಕಳ ಬಾಯಿಗೆ ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆಯುವುದು ಕಷ್ಟ, ಮತ್ತು ಅದು ತಪ್ಪೆಂದು ಗೊತ್ತಾದ ದಿನ ಜನ ವೀರರನ್ನೇ ಶಂಕಿಸುತ್ತಾರೆ. ಹಾಗಾಗಿ ಸದ್ಯಕ್ಕೆ 14ನೆಯ ಶತಮಾನದಿಂದ 17ನೆಯ ಶತಮಾನದ ಆರಂಭದವರೆಗೆ, ಅದರಲ್ಲೂ ಕೊನೆಯ ಅರ್ಧದ ಕಡೆಗೆ ಹೆಚ್ಚು ಒಲವಿಟ್ಟು, ಎಂದು ಬರೆಯುವುದೇ ಸರಿ. ಇದನ್ನು ಕಿರಿದಾಗಿಸಬಲ್ಲವು ಹಳೆಯ ಬೀಡುಗಳ ನೆಲ, ಸುತ್ತಲಿನ ಬಸದಿ–ದೇವಾಲಯಗಳ ಶಾಸನಗಳು ಮತ್ತು ಊರೂರಿನ ಪಾಡ್ದನದ ಪಾಠಾಂತರಗಳು. ಮೊದಲೆರಡು ಕಾಯಬಲ್ಲವು. ಪಾಠಾಂತರಗಳನ್ನು ಹಾಡಬಲ್ಲವರು ಇರುವಾಗಲೇ ದಾಖಲಿಸಬೇಕು.