ಕೋರ್ಟಿನ ಆವರಣದಲ್ಲೊಂದು ಬಿಟ್ಟಿ ವಕೀಲರ ಕೊಠಡಿ

ತಾಲ್ಲೂಕು ಕೋರ್ಟಿಗೆ ಹೋದವರು ಜಾಮೀನು, ವಾಯಿದೆ, ನೋಟರಿ ಅಂತ ಓಡಾಡುವ ಗಡಿಬಿಡಿಯಲ್ಲಿ ಆ ಬೋರ್ಡನ್ನು ಓದುವುದು ಕಡಿಮೆ: ‘ತಾಲ್ಲೂಕು ಕಾನೂನು ಸೇವಾ ಸಮಿತಿ’. ಓದಿದವರೂ ‘ಅದೆಲ್ಲ ತೀರಾ ಬಡವರಿಗೆ’ ಎಂದು ಮುಂದೆ ಹೋಗುತ್ತಾರೆ. ಅದು ಅರ್ಧ ಮಾತ್ರ ನಿಜ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಉಚಿತ ವಕೀಲರನ್ನು ಪಡೆಯುವ ಹಕ್ಕು ಯಾರಿಗಿದೆ ಎಂದು 12ನೇ ಕಲಮಿನಲ್ಲಿ ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಜೀತಕ್ಕೆ ಅಥವಾ ಮಾನವ ಸಾಗಣೆಗೆ ಸಿಕ್ಕವರು, ಕೈಗಾರಿಕಾ ಕಾರ್ಮಿಕರು, ನೆರೆ, ಬರ, ಜಾತಿ ದೌರ್ಜನ್ಯಕ್ಕೆ ತುತ್ತಾದವರು, ಬಂಧನದಲ್ಲಿರುವವರು. ಇವರಲ್ಲಿ ಯಾರನ್ನೂ ಆದಾಯ ಎಷ್ಟೆಂದು ಕೇಳುವಂತಿಲ್ಲ. ಆದಾಯದ ಮಿತಿ ಇರುವುದು ಉಳಿದವರಿಗೆ. ಜೀವನಾಂಶಕ್ಕೋ ತವರಿನ ಆಸ್ತಿಯಲ್ಲಿ ಪಾಲಿಗೋ ದಾವೆ ಹೂಡುವ ಹೆಣ್ಣುಮಗಳು ಸಿರಿವಂತರ ಮನೆಯವಳಾದರೂ ಅರ್ಜಿ ಹಾಕಬಹುದು. ಮನೆ ದೊಡ್ಡದಿದ್ದ ಮಾತ್ರಕ್ಕೆ ಅವಳ ಕೈಯಲ್ಲಿ ಕಾಸಿರುತ್ತದೆಯೇ?

ಇದರ ಹಿಂದೆ ಒಂದು ಕರಾಳ ಕಥೆಯಿದೆ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಆಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಪರವಾಗಿ ವಕೀಲೆ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಆರೋಪ ಸಾಬೀತಾಗಿದ್ದರೂ ಅಷ್ಟು ಕಾಲ ಶಿಕ್ಷೆಯಾಗುತ್ತಿರಲಿಲ್ಲ ಎನ್ನುವಂಥವರು ಅವರಲ್ಲಿದ್ದರು. 1979ರ ಆ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ, ಇಂಥ ಆರೋಪಿಗಳಿಗೆ ವಕೀಲರನ್ನು ಒದಗಿಸುವುದು ಸರ್ಕಾರದ ಹೊಣೆ ಎಂದಿತು. ಉಚಿತ ಕಾನೂನು ನೆರವು ಕೊಡಬೇಕೆನ್ನುವ 39ಎ ವಿಧಿ ಸಂವಿಧಾನಕ್ಕೆ 1976ರಲ್ಲೇ ಸೇರಿತ್ತು. ಆದರೂ 1987ರ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ.

ಸಮಿತಿಗೆ ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತದೆ. ತಾಲ್ಲೂಕಿನವರೆಗೆ ಬರಲಾಗದವರಿಗೆ 15100 ಸಹಾಯವಾಣಿಯಿದೆ. ಹಳ್ಳಿಗೂ ಕೋರ್ಟಿಗೂ ನಡುವೆ ಕೊಂಡಿಯಾಗಲೆಂದು 2009ರಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರ ಯೋಜನೆ ಬಂತು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು, ಸನ್ನಡತೆಯ ದೀರ್ಘಾವಧಿ ಕೈದಿಗಳೂ ಈ ಸ್ವಯಂಸೇವಕರಾಗಬಹುದು. ನನಗೆ ಈ ಕೊನೆಯವರೇ ಹೆಚ್ಚು ಇಷ್ಟ. ಜೈಲಿನ ಒಳಗಿನ ಕಷ್ಟ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪತ್ರಿಕೆಗಳಲ್ಲಿ ಜಾಗ ಸಿಗುವುದು ಮಾತ್ರ ರಾಜಿ ಮಾಡಿಸಲು ಸಮಿತಿ ನಡೆಸುವ ಲೋಕ ಅದಾಲತ್‌ಗೆ. ಜಗಳವಾಡಿದ್ದ ಗಂಡ ಹೆಂಡತಿ ನ್ಯಾಯಾಧೀಶರ ಮುಂದೆ ಹಾರ ಬದಲಿಸಿಕೊಂಡ ಫೋಟೊ ನೀವೂ ನೋಡಿರುತ್ತೀರಿ. ಆ ಫೋಟೊ ಕಂಡಾಗಲೆಲ್ಲ ನನಗೆ ಒಂದು ಅನುಮಾನ: ಅವಳನ್ನು ಯಾರಾದರೂ ಪಕ್ಕಕ್ಕೆ ಕರೆದು ‘ನಿನಗೆ ಒಪ್ಪಿಗೆಯೇನಮ್ಮಾ’ ಎಂದು ಕೇಳಿದರೇ?

ಅಪಘಾತ ಪರಿಹಾರ, ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಪಾಲು ವಿಭಾಗದಂಥವು ಅಲ್ಲಿ ಒಂದೇ ದಿನದಲ್ಲಿ ಮುಗಿಯಬಹುದು, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ. ರಾಜಿಗೆ ಅವಕಾಶವಿಲ್ಲದ ಅಪರಾಧಗಳನ್ನು ಅಲ್ಲಿ ಮುಟ್ಟುವಂತಿಲ್ಲ. ಆದರೆ ಸಹಿ ಹಾಕಿದ ರಾಜಿಗೆ ಡಿಕ್ರಿಯ ಬಲ ಬರುತ್ತದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಮೊತ್ತ ಎಷ್ಟು, ಯಾವಾಗ ಕೈಗೆ ಬರುತ್ತದೆ ಎಂದು ವಿಚಾರಿಸಿಕೊಂಡೇ ಪೆನ್ನು ಹಿಡಿಯಬೇಕು. ಮನಸ್ಸಿಗೆ ಬಾರದಿದ್ದರೆ ಬೇಡ ಎನ್ನಬಹುದು. ಆಗ ಕಡತ ಹಿಂದಿನ ಕೋರ್ಟಿಗೇ ಹೋಗುತ್ತದೆ, ವಿಚಾರಣೆ ಮೊದಲು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ.